ಬೇಸ್‌ಮೆಂಟ್‌ನಿಂದ ಬಂದ ಬ್ಯಾಲಿ, ಕ್ಯಾಸೆಟ್‌ನೊಳಗಿನ ಚೌಕಾಬಾರ

ಮೊದಲ ಶನಿವಾರ

ನಾನಿರುವುದು ಶಿಕಾಗೋ ಪಕ್ಕದ ಒಂದು ಊರಿನಲ್ಲಿ. ಇಲ್ಲಿನ ಕನ್ನಡ ಕೂಟದಲ್ಲಿ ಪರಿಚಯವಾದ ಹಿರಿಯರೊಬ್ಬರಿದ್ದಾರೆ. ಮೈಸೂರಿನವರು. ಈ ದೇಶಕ್ಕೆ ಬಂದು ಐವತ್ತು ವರ್ಷ ಆಗುತ್ತಾ ಬಂತು. ನಾವೆಲ್ಲ ಅಂಕಲ್ ಅಂತಲೇ ಕರೆಯುವುದು. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುವಾಗ ಬೇಸ್‌ಮೆಂಟ್ ಖಾಲಿ ಮಾಡಲು ನಾನೂ ಕೈ ಹಾಕಿದ್ದೆ. ಹಳೆಯ ಸೂಟ್‌ಕೇಸುಗಳ ಹಿಂದೆ ಒಂದು ರಟ್ಟಿನ ಡಬ್ಬ ಸಿಕ್ಕಿತು. ಅದನ್ನು ಎಸೆಯಲು ಅಂಕಲ್ ಬಿಡಲಿಲ್ಲ. ತಾವೇ ಎತ್ತಿಕೊಂಡು ಬಂದು ನನ್ನ ಕಾರಿನಲ್ಲಿ ಇಟ್ಟರು.

“ಇದು ನಡೆಯುತ್ತಾ ನೋಡಪ್ಪಾ. ನಡೆದರೆ ಆ ಕ್ಯಾಸೆಟ್ ಒಂದನ್ನ ಓದಿಸಬೇಕು.”

ಡಬ್ಬದಲ್ಲಿ ಇದ್ದದ್ದು ಬ್ಯಾಲಿ ಪ್ರೊಫೆಷನಲ್ ಆರ್ಕೇಡ್. ಆಮೇಲೆ ಆಸ್ಟ್ರೋಕೇಡ್ ಅನ್ನೋ ಹೆಸರಿನಲ್ಲಿ ಮಾರಾಟವಾದ ಗೇಮ್ ಕನ್ಸೋಲ್. ಪಿಸ್ತೂಲಿನ ಹಿಡಿಯಂತಿರುವ ನಾಲ್ಕು ಕಂಟ್ರೋಲರ್‌ಗಳು, ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಕಾರ್ಟ್ರಿಜ್, ಟೇಪ್‌ಗೆ ಜೋಡಿಸುವ ಪುಟ್ಟ ಇಂಟರ್‌ಫೇಸ್, ಎಲ್ಲವೂ ಇದ್ದವು. ಒಂದೇ ಒಂದು ಕ್ಯಾಸೆಟ್. ಅದರ ಮೇಲೆ ನೀಲಿ ಇಂಕಿನಲ್ಲಿ ಕನ್ನಡದಲ್ಲಿ ಬರೆದಿತ್ತು: ಚೌಕಾಬಾರ, 1981. ಕೆಳಗೆ ಒಂದು ದಪ್ಪ ಫೈಲು. ಅದರ ತುಂಬ ‘ಆರ್ಕೇಡಿಯನ್’ ಅನ್ನೋ ಪತ್ರಿಕೆಯ ಸಂಚಿಕೆಗಳು.

ಆ ಫೈಲು ನೋಡಿ ನನಗೆ ಕನ್ಸೋಲ್ ನೋಡಿದ್ದಕ್ಕಿಂತ ಜಾಸ್ತಿ ಖುಷಿಯಾಯಿತು. ಆರ್ಕೇಡಿಯನ್ ಶುರುವಾದದ್ದು 1978ರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬಾಬ್ ಫ್ಯಾಬ್ರಿಸ್ ಅನ್ನುವವರು ಟೈಪ್ ಮಾಡಿ, ಅಚ್ಚು ಹಾಕಿಸಿ, ಅಂಚೆಯಲ್ಲಿ ಕಳಿಸುತ್ತಿದ್ದರು. ಬ್ಯಾಲಿ ಕೊಂಡವರು ದೇಶದ ತುಂಬ ಚದುರಿದ್ದರು. ಒಬ್ಬರು ಕಂಡುಕೊಂಡದ್ದು ಇನ್ನೊಬ್ಬರಿಗೆ ತಿಳಿಯಲು ಇದ್ದ ದಾರಿ ಈ ಹಾಳೆಗಳು. ಕೀಪ್ಯಾಡ್‌ನಲ್ಲಿ ಬಡಿದು ಹಾಕಬಹುದಾದ ಪ್ರೋಗ್ರಾಂಗಳು, ಮೆಮೊರಿಯ ಯಾವ ವಿಳಾಸದಲ್ಲಿ ಏನಿದೆ ಅನ್ನೋ ಟಿಪ್ಪಣಿ, ಸರ್ಕ್ಯೂಟ್ ಚಿತ್ರ, ಓದುಗರ ಪತ್ರ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಇದೇ ಯಂತ್ರದವರಿಗಾಗಿ ‘ಕರ್ಸರ್’ ಅಂತ ಇನ್ನೊಂದು ಪತ್ರಿಕೆಯೂ ಇತ್ತು.

ಅಂಕಲ್ ಹೇಳಿದ ಒಂದು ಮಾತು ನಾನು ಗುರುತು ಹಾಕಿಕೊಂಡೆ. “ಆಫೀಸಿನಲ್ಲಿ ಇದರ ಬಗ್ಗೆ ಮಾತಾಡೋಕೆ ಯಾರೂ ಇರಲಿಲ್ಲ. ತಿಂಗಳಿಗೊಮ್ಮೆ ಅಂಚೆಯವನು ಬಂದಾಗ ಸ್ನೇಹಿತರು ಬಂದ ಹಾಗೆ ಆಗೋದು.”

ಈ ಯಂತ್ರಕ್ಕೂ ನಮ್ಮ ಈ ಸೀಮೆಗೂ ನಂಟಿದೆ. ಬ್ಯಾಲಿ ಕಂಪನಿ ಶಿಕಾಗೋದ್ದು. ಯಂತ್ರದ ವಿನ್ಯಾಸ ಆದದ್ದು ಇಲ್ಲೇ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ, ಡೇವ್ ನಟ್ಟಿಂಗ್ ಅಸೋಸಿಯೇಟ್ಸ್‌ನಲ್ಲಿ. ಮೊದಲು 299 ಡಾಲರಿಗೆ ಅಂಚೆ ಮೂಲಕ ಮಾರಿದ ಜೆಎಸ್ ಆ್ಯಂಡ್ ಎ ಇದ್ದದ್ದು ನಾರ್ತ್‌ಬ್ರೂಕ್‌ನಲ್ಲಿ. ಇವೆಲ್ಲ ನಾನು ದಿನಾ ಕಾರಿನಲ್ಲಿ ಓಡಾಡುವ ರಸ್ತೆಗಳ ಆಸುಪಾಸು.

ಆ ದಿನ ಕರೆಂಟ್ ಕೊಡಲೇ ಇಲ್ಲ. ಹಳೆಯ ಯಂತ್ರ ಕೈಗೆ ಬಂದ ತಕ್ಷಣ ಪ್ಲಗ್ ಹಾಕುವುದು ದೊಡ್ಡ ತಪ್ಪು. ಕೆಳಗಿನ ಸ್ಕ್ರೂ ಬಿಚ್ಚಿ, ಬೋರ್ಡನ್ನು ಮುಚ್ಚಿದ್ದ ತಗಡು ತೆಗೆದು, ಬ್ರಷ್‌ನಿಂದ ಧೂಳು ಹೊಡೆದೆ. ಕಾರ್ಟ್ರಿಜ್ ಕೂರುವ ಕಡೆ ಪಿನ್‌ಗಳು ಕಪ್ಪಾಗಿದ್ದವು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿದೆ. ಟ್ರಾನ್ಸ್‌ಫಾರ್ಮರ್ ಒಂದನ್ನೇ ಬೇರೆಯಾಗಿ ಹಾಕಿ ಮೀಟರ್ ಇಟ್ಟೆ. ಅದು ಚೆನ್ನಾಗಿತ್ತು.

ಗೀಟುಗಳು

ಭಾನುವಾರ ಸ್ವಿಚ್ ಹಾಕಿದೆ. ಬರಬೇಕಾದದ್ದು ಆಟಗಳ ಪಟ್ಟಿ. ಕಾರ್ಟ್ರಿಜ್ ಇಲ್ಲದಿದ್ದರೂ ಈ ಯಂತ್ರದೊಳಗೇ ನಾಲ್ಕು ಇರುತ್ತವೆ: ಗನ್‌ಫೈಟ್, ಚೆಕ್‌ಮೇಟ್, ಕ್ಯಾಲ್ಕುಲೇಟರ್, ಗೀಚುವುದಕ್ಕೆ ಸ್ಕ್ರಿಬ್ಲಿಂಗ್. ಪಟ್ಟಿ ಬರಲಿಲ್ಲ. ಪರದೆ ತುಂಬ ಬಣ್ಣದ ಚುಕ್ಕೆಗಳ ಗೋಜಲು, ಅದರ ಮೇಲೆ ಒಂದೇ ಅಂತರದಲ್ಲಿ ನಿಂತ ಗೀಟುಗಳು.

ನಾನು ಇಲ್ಲೊಂದು ತಪ್ಪು ಮಾಡಿದೆ. ಗೀಟುಗಳನ್ನು ನೋಡುತ್ತಾ, ಫೋಟೋ ತೆಗೆಯುತ್ತಾ, ಐದಾರು ನಿಮಿಷ ಹಾಗೇ ಬಿಟ್ಟೆ. ಆಮೇಲೆ ವೋಲ್ಟೇಜ್ ನೋಡಿದೆ. ಪ್ಲಸ್ 5 ಸರಿ. ಪ್ಲಸ್ 12 ಸರಿ. ಮೈನಸ್ 5 ಇರಬೇಕಾದ ಕಡೆ ಮೈನಸ್ 2.1. ತಕ್ಷಣ ಆಫ್ ಮಾಡಿದೆ.

ಯಂತ್ರದ ನೆನಪಿನ ಕೆಲಸ ಮಾಡುವ, ಆ ಕಾಲದ 4 ಕಿಲೋಬಿಟ್ ಡೈನಾಮಿಕ್ ರ್‍ಯಾಮ್ ಚಿಪ್‌ಗಳಿಗೆ ಮೂರೂ ವೋಲ್ಟೇಜ್ ಬೇಕು. ಮೈನಸ್ 5 ಇಲ್ಲದೆ ಪ್ಲಸ್ 12 ಕೊಟ್ಟರೆ ಚಿಪ್ ಸತ್ತೇ ಹೋಗಬಹುದು. ಹಾಗಾಗಿ ನಿಮ್ಮ ಕೈಗೆ ಇಂಥದ್ದು ಬಂದರೆ ದಯವಿಟ್ಟು ಮೊದಲು ಮೀಟರ್ ಹಿಡಿಯಿರಿ, ಕ್ಯಾಮೆರಾ ಆಮೇಲೆ. ಚಿಪ್ ಮೊದಲೇ ಸತ್ತಿತ್ತೋ, ನನ್ನ ಐದು ನಿಮಿಷದಲ್ಲಿ ಸತ್ತಿತೋ, ಅದು ಇನ್ನು ಗೊತ್ತಾಗುವುದಿಲ್ಲ. ನನಗೆ ಅದು ಬೇಜಾರಿನ ವಿಷಯ.

ಮೈನಸ್ 5 ಕೊಡುವ ದಾರಿಯಲ್ಲಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿತ್ತು. ನಲವತ್ತು ಚಳಿಗಾಲ ಬೇಸ್‌ಮೆಂಟ್‌ನಲ್ಲಿ ಕಳೆದರೆ ಹಾಗಾಗುವುದು ಸಹಜ. ಅದೊಂದನ್ನೇ ಅಲ್ಲ, ಪವರ್ ಭಾಗದ ಎಲ್ಲ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಾಯಿಸಿದೆ. ಮೂರೂ ವೋಲ್ಟೇಜ್ ಸರಿಯಾದವು. ಗೀಟುಗಳು ಹೋಗಲಿಲ್ಲ.

ಆದರೆ ಆ ಗೀಟುಗಳೇ ದಾರಿ ತೋರಿಸಿದವು. ಈ ಯಂತ್ರದಲ್ಲಿ ಒಟ್ಟು ರ್‍ಯಾಮ್ 4 ಕಿಲೋಬೈಟ್, ಅಂದರೆ 4096 ಬೈಟ್. ಪರದೆಗೆ 160 ಚುಕ್ಕೆ ಅಡ್ಡ, 102 ಸಾಲು ಉದ್ದ. ಒಂದು ಚುಕ್ಕೆಗೆ 2 ಬಿಟ್, ಹಾಗಾಗಿ ಒಂದು ಸಾಲಿಗೆ 40 ಬೈಟ್. ಗುಣಿಸಿ ನೋಡಿ, 4080. ಪರದೆಯೇ ಹತ್ತಿರ ಹತ್ತಿರ ಇಡೀ ರ್‍ಯಾಮ್! ಮನಸ್ಸಿನಲ್ಲಿ ಇರುವುದೆಲ್ಲ ಮುಖದ ಮೇಲೆ ಕಾಣುವ ಮನುಷ್ಯರಿರುತ್ತಾರಲ್ಲ, ಹಾಗೆ. ಎಂಟು ರ್‍ಯಾಮ್ ಚಿಪ್, ಪ್ರತಿ ಚಿಪ್‌ಗೆ ಬೈಟ್‌ನ ಒಂದು ಬಿಟ್. ಒಂದು ಬೈಟ್‌ನಲ್ಲಿ ನಾಲ್ಕು ಚುಕ್ಕೆ. ಯಾವುದೋ ಒಂದು ಚಿಪ್ ಸತ್ತರೆ ಪ್ರತಿ ನಾಲ್ಕನೇ ಚುಕ್ಕೆ ಕೆಡುತ್ತದೆ, ಎಲ್ಲ ಸಾಲಿನಲ್ಲೂ ಅದೇ ಜಾಗದಲ್ಲಿ. ಪರದೆಯ ಮೇಲೆ ಅದು ನಿಂತ ಗೀಟು.

ನಾಲ್ಕರಲ್ಲಿ ಮೂರನೇ ಚುಕ್ಕೆ ಕೆಟ್ಟಿತ್ತು. ಅಂದರೆ ಎಂಟು ಚಿಪ್‌ಗಳಲ್ಲಿ ಎರಡರ ಮೇಲೆ ಮಾತ್ರ ಅನುಮಾನ. ಆಸಿಲೋಸ್ಕೋಪ್ ಇಟ್ಟೆ. ಒಂದರ ಔಟ್‌ಪುಟ್ ಕುಣಿಯುತ್ತಿತ್ತು, ಇನ್ನೊಂದು ಅಲುಗಾಡಲೇ ಇಲ್ಲ.

ಸೋಲ್ಡರ್ ಹೀರುವ ಪಂಪ್‌ನಿಂದ ಹದಿನಾರು ಕಾಲುಗಳನ್ನೂ ನಿಧಾನವಾಗಿ ಬಿಡಿಸಿ, ಆ ಜಾಗಕ್ಕೆ ಸಾಕೆಟ್ ಕೂರಿಸಿದೆ. ಹಳೆಯ ಬೋರ್ಡಿನ ತಾಮ್ರದ ಗೆರೆ ಜಾಸ್ತಿ ಬಿಸಿಗೆ ಎದ್ದು ಬರುತ್ತದೆ, ಅವಸರ ಮಾಡಬಾರದು. ಮೊದಲು ತರಿಸಿದ ಚಿಪ್ ಕೆಟ್ಟದ್ದೇ ಬಂತು. ಎರಡನೇ ಕಡೆಯಿಂದ ನಾಲ್ಕು ತರಿಸಿದೆ, ಅದರಲ್ಲಿ ಮೊದಲನೆಯದೇ ನಡೆಯಿತು. ಹನ್ನೆರಡು ದಿನ ಕಾದ ಮೇಲೆ ಆಟಗಳ ಪಟ್ಟಿ ಮೂಡಿತು. ಅಂಕಲ್‌ಗೆ ಫೋಟೋ ಕಳಿಸಿದೆ. ಅವರು ಏನೂ ಬರೆಯಲಿಲ್ಲ, ಫೋನೇ ಮಾಡಿದರು.

ಬಿಸಿ

ಗನ್‌ಫೈಟ್ ಆಡುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಕೌಬಾಯ್‌ಗಳು ಕರಗಿ ಚುಕ್ಕೆಗಳಾದರು. ಇದು ನಿರೀಕ್ಷೆ ಮಾಡಿದ್ದೇ. ಈ ಯಂತ್ರದಲ್ಲಿ ಝಡ್80 ಪ್ರೊಸೆಸರ್ ಜೊತೆ ಇದಕ್ಕಾಗಿಯೇ ಮಾಡಿದ ಮೂರು ಚಿಪ್ ಇವೆ: ಅಡ್ರೆಸ್, ಡೇಟಾ, ಐ/ಓ. ಚಿತ್ರ ಮೂಡಿಸುವ ಡೇಟಾ ಚಿಪ್ ತುಂಬ ಬಿಸಿಯಾಗುತ್ತದೆ. ಅದು ಸುಟ್ಟರೆ ಬದಲಿಗೆ ಹೊಸದು ಎಲ್ಲೂ ತಯಾರಾಗುವುದಿಲ್ಲ, ಇನ್ನೊಂದು ಸತ್ತ ಬ್ಯಾಲಿಯಿಂದಲೇ ಕೀಳಬೇಕು. ಹಾಗಾಗಿ ಬ್ಯಾಲಿ ಇಟ್ಟುಕೊಂಡವರೆಲ್ಲ ಆ ಚಿಪ್‌ನ ಆರೋಗ್ಯವನ್ನು ಮನೆ ಮಗುವಿನ ಜ್ವರ ನೋಡಿದ ಹಾಗೆ ನೋಡುತ್ತಾರೆ.

ಚಿಪ್ ಮೇಲೆ ಅಳೆದಾಗ 68 ಡಿಗ್ರಿ ಇತ್ತು. ಅಲ್ಯುಮಿನಿಯಂ ಹೀಟ್‌ಸಿಂಕ್ ಕತ್ತರಿಸಿ ಮೂರೂ ಚಿಪ್‌ಗಳ ಮೇಲೆ ಅಂಟಿಸಿದೆ. ತಗಡಿನ ಮುಚ್ಚಳ ಹಾಕದೆ ಬಿಟ್ಟೆ. ಅದು ರೇಡಿಯೋ, ಟಿವಿಗೆ ತೊಂದರೆ ಆಗದಿರಲಿ ಅಂತ ಇಟ್ಟದ್ದು, ಆದರೆ ಗಾಳಿ ಓಡಾಡಲು ಬಿಡುವುದಿಲ್ಲ. ಕೆಳಗೆ ಎತ್ತರದ ರಬ್ಬರ್ ಕಾಲು ಕೊಟ್ಟೆ. ನಾಲ್ಕು ಗಂಟೆ ಸತತ ಓಡಿಸಿದ ಮೇಲೆ 51 ಡಿಗ್ರಿಯಲ್ಲಿ ನಿಂತಿತು. ಅಷ್ಟು ಸಾಕು. ಕಂಟ್ರೋಲರ್‌ಗಳ ಗುಬುಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ತಿರುಗಿಸಿದ ಮೇಲೆ ನಾಲ್ಕೂ ಸರಿಯಾದವು.

ಕ್ಯಾಸೆಟ್

ಇದಕ್ಕೆ ನಾನು ಹೆದರಿದ್ದೆ. ಕನ್ಸೋಲ್ ಹೋದರೆ ಇನ್ನೊಂದು ಸಿಗುತ್ತದೆ. ಈ ಕ್ಯಾಸೆಟ್ ಪ್ರಪಂಚದಲ್ಲಿ ಇರುವುದು ಒಂದೇ.

ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಸ್ಪಂಜು ಉದುರಿ ಹೋಗಿತ್ತು. ಪುಣ್ಯಕ್ಕೆ ಕ್ಯಾಸೆಟ್ ಸ್ಕ್ರೂ ಹಾಕಿದ ಜಾತಿಯದು. ಬಿಚ್ಚಿ, ಸುರುಳಿಗಳನ್ನು ಹೊಸ ಕ್ಯಾಸೆಟ್‌ನ ಗೂಡಿಗೆ ವರ್ಗಾಯಿಸಿದೆ. ಎಷ್ಟೋ ವರ್ಷ ಒಂದೇ ಬಿಗಿಯಲ್ಲಿ ಸುತ್ತಿಕೊಂಡಿದ್ದ ಟೇಪು. ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ ಸಡಿಲ ಮಾಡಿದೆ. ನನ್ನ ಡೆಕ್‌ನ ಹೆಡ್ ಒರೆಸಿ, ಪಕ್ಕದ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಾ, ದನಿ ಅತಿ ಚೂಪಾಗಿ ಕೇಳುವ ಕಡೆ ನಿಲ್ಲಿಸಿದೆ. ಎಲ್ಲಕ್ಕಿಂತ ಮೊದಲು ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಿಕೊಂಡೆ, ಮೂರು ಸಲ. ಆಮೇಲಿನ ಪ್ರಯೋಗವೆಲ್ಲ ಆ ರೆಕಾರ್ಡಿಂಗ್ ಮೇಲೆ.

ಮೊದಲ ಬ್ಯಾಲಿ ಬೇಸಿಕ್‌ನ ಟೇಪುಗಳು ಸೆಕೆಂಡಿಗೆ 300 ಬಿಟ್ ಲೆಕ್ಕದಲ್ಲಿ ಓದುತ್ತವೆ. ಆಮೇಲೆ ಬಂದ ಆಸ್ಟ್ರೋಬೇಸಿಕ್‌ನವು 2000 ಬಿಟ್ ಲೆಕ್ಕದಲ್ಲಿ. ಒಂದರ ಟೇಪ್ ಇನ್ನೊಂದಕ್ಕೆ ಆಗುವುದಿಲ್ಲ. ಅಂಕಲ್ ತಮ್ಮ ಹಳೆಯ ಕಾರ್ಟ್ರಿಜ್, ಇಂಟರ್‌ಫೇಸ್ ಎರಡನ್ನೂ ಎಸೆಯದೆ ಇಟ್ಟಿದ್ದು ಒಳ್ಳೆಯದಾಯಿತು.

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಇಂಟರ್‌ಫೇಸ್‌ಗೆ ವಯರ್ ಕೊಟ್ಟು, ಕೋಲನ್ ಮತ್ತು ಇನ್‌ಪುಟ್ ಒತ್ತಿ, ಗೋ ಒತ್ತಿದೆ. ಮೊದಲ ನಾಲ್ಕು ಸಲ ಕಸ ಬಂತು. ದನಿ ಜಾಸ್ತಿ ಮಾಡಿದೆ. ಐದನೇ ಸಲ ಅಕ್ಷರಗಳು ಒಂದೊಂದಾಗಿ ಪರದೆ ಮೇಲೆ ಮೂಡತೊಡಗಿದವು, ಯಾರೋ ಕಾಣದವರು ಕೂತು ಟೈಪ್ ಮಾಡುತ್ತಿದ್ದ ಹಾಗೆ. ಮೂರು ಸಾಲು ಕೆಟ್ಟಿದ್ದವು. ಉಳಿದದ್ದೆಲ್ಲ ಇತ್ತು.

1800 ಬೈಟ್

ಈಗ ಈ ಪ್ರೋಗ್ರಾಂ ಬಗ್ಗೆ ಸ್ವಲ್ಪ ಹೇಳಲೇಬೇಕು.

ಪರದೆಯೇ ರ್‍ಯಾಮ್ ಅಂದೆನಲ್ಲ, ಹಾಗಾದರೆ ಪ್ರೋಗ್ರಾಂ ಎಲ್ಲಿಡುವುದು? ಬ್ಯಾಲಿ ಬೇಸಿಕ್ ಬರೆದ ಜೇಮಿ ಫೆಂಟನ್ ಇದಕ್ಕೆ ಕಂಡುಕೊಂಡ ದಾರಿ ನನಗೆ ಇವತ್ತಿಗೂ ಬೆರಗು. ಪ್ರತಿ ಚುಕ್ಕೆಯ 2 ಬಿಟ್‌ನಲ್ಲಿ ಒಂದನ್ನು ಚಿತ್ರಕ್ಕೆ, ಇನ್ನೊಂದನ್ನು ಪ್ರೋಗ್ರಾಂಗೆ ಕೊಟ್ಟರು. ಪ್ರೋಗ್ರಾಂನ ಬಿಟ್ ಏನೇ ಇದ್ದರೂ ಬಣ್ಣ ಒಂದೇ ಕಾಣುವ ಹಾಗೆ ಬಣ್ಣಗಳನ್ನು ಹೊಂದಿಸಿದರು. ನೀವು ಬರೆದ ಸಾಲುಗಳು ನಿಮ್ಮ ಕಣ್ಣೆದುರಿನ ಪರದೆಯಲ್ಲೇ ಅಡಗಿರುತ್ತವೆ, ಕಾಣುವುದಿಲ್ಲ. ಇದಕ್ಕೆ ಕೊಟ್ಟ ಬೆಲೆ ಎಂದರೆ ನಾಲ್ಕು ಬಣ್ಣದ ಬದಲು ಎರಡೇ ಬಣ್ಣ. ಸಿಗುವ ಜಾಗ ಸುಮಾರು 1800 ಬೈಟ್.

ಅಷ್ಟರಲ್ಲಿ ಚೌಕಾಬಾರ. ಐದು ಅಡ್ಡ ಐದು ಉದ್ದ, 25 ಮನೆ. ನಾಲ್ಕು ಜನ, ತಲಾ ನಾಲ್ಕು ಕಾಯಿ. ಈ ಯಂತ್ರಕ್ಕೆ ನಾಲ್ಕು ಕಂಟ್ರೋಲರ್ ಹಾಕಬಹುದು ಅಂತ ಗೊತ್ತಾದ ದಿನವೇ ಅಂಕಲ್‌ಗೆ ಇದು ಹೊಳೆಯಿತಂತೆ. ಟ್ರಿಗರ್ ಎಳೆದರೆ ಕವಡೆ ಬೀಳುತ್ತವೆ. ಗುಬುಟು ತಿರುಗಿಸಿದರೆ ಯಾವ ಕಾಯಿ ನಡೆಸಬೇಕು ಅಂತ ಆರಿಸಬಹುದು. ಎರಡೇ ಬಣ್ಣ ಇದ್ದದ್ದರಿಂದ ನಾಲ್ವರ ಕಾಯಿಗೆ ನಾಲ್ಕು ಆಕಾರ: ತುಂಬಿದ ಚೌಕ, ಖಾಲಿ ಚೌಕ, ಅಡ್ಡ ಗೀಟು, ಕೂಡಿಸುವ ಚಿಹ್ನೆ. ಕಾಯಿಯನ್ನು ಒಮ್ಮೆ ಬರೆದರೆ ಮೂಡುವ, ಅದೇ ಜಾಗದಲ್ಲಿ ಇನ್ನೊಮ್ಮೆ ಬರೆದರೆ ಅಳಿಯುವ ವಿಧಾನ ಬಳಸಿದ್ದರು. ಹಾಗಾಗಿ ಮಣೆಯನ್ನು ಮತ್ತೆ ಮತ್ತೆ ಬರೆಯಬೇಕಿಲ್ಲ.

ಕವಡೆಯ ಸಾಲು ನೋಡಿ ನಾನು ತುಂಬ ಹೊತ್ತು ಕೂತೆ. ಅಂಕಲ್ ಅವರ ಹಳೆಯ ನೋಟ್‌ಬುಕ್‌ನಲ್ಲಿ ಮೊದಲ ಪ್ರಯತ್ನ ಇದೆ: ಐದರಲ್ಲಿ ಒಂದು ಅಂಕಿ ಆರಿಸು, ಐದು ಬಂದರೆ ಎಂಟು ಅನ್ನು. ಅದಕ್ಕೆ ಅಡ್ಡಗೀಟು ಎಳೆದು, ಪಕ್ಕದಲ್ಲಿ “ತಪ್ಪು. ಕವಡೆ ಹೀಗೆ ಬೀಳುವುದಿಲ್ಲ” ಅಂತ ಬರೆದಿದ್ದಾರೆ. ನಿಜ. ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬರುವುದು ಆರು ಸಲ. ಒಂದು ಮತ್ತು ಮೂರು ತಲಾ ನಾಲ್ಕು ಸಲ. ಚೌಕ, ಅಂದರೆ ನಾಲ್ಕು, ಒಂದೇ ಸಲ. ಬಾರ, ಅಂದರೆ ಎಂಟು, ಒಂದೇ ಸಲ. ಎಲ್ಲವೂ ಒಂದೇ ಲೆಕ್ಕದಲ್ಲಿ ಬಂದರೆ ಬಾರ ಬಿದ್ದಾಗಿನ ಆ ಕೂಗಿಗೆ ಅರ್ಥವೇ ಇರುವುದಿಲ್ಲ, ಅಲ್ವಾ? ಹಾಗಾಗಿ ಪ್ರೋಗ್ರಾಂನಲ್ಲಿ ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಎಸೆದು ಕೂಡಿಸಿದ್ದಾರೆ.

ಕೆಟ್ಟ ಮೂರು ಸಾಲಿನಲ್ಲಿ ಎರಡು ನೋಟ್‌ಬುಕ್‌ನಲ್ಲೇ ಸಿಕ್ಕವು. ಮೂರನೆಯದು ಇದ್ದ ಹಾಳೆ ನೀರು ಬಿದ್ದು ಅಳಿಸಿಹೋಗಿತ್ತು. ಅದು ಕಾಯಿ ನಡೆಯುವ ದಾರಿಯ ಸಾಲು. ಬ್ಯಾಲಿ ಬೇಸಿಕ್‌ನಲ್ಲಿ ಅಂಕಿಗಳ ಪಟ್ಟಿ ಕೊಟ್ಟು ಓದಿಸುವ ಸೌಲಭ್ಯ ಇಲ್ಲ, ದಾರಿಯನ್ನು ಲೆಕ್ಕ ಹಾಕಿಯೇ ತೆಗೆಯಬೇಕು. ಹೊರಸುತ್ತಿನ 16 ಮನೆಗೆ ಅಂಕಲ್ ಮಾಡಿದ್ದು ಹೀಗೆ: ಕಾಯಿ ಎಷ್ಟು ಹೆಜ್ಜೆ ಬಂದಿದೆಯೋ ಅದಕ್ಕೆ ಎರಡು ಕೂಡಿಸಿ ನಾಲ್ಕರಿಂದ ಭಾಗಿಸು. ಭಾಗಲಬ್ಧ ಯಾವ ಪಕ್ಕ ಅನ್ನುತ್ತದೆ, ಶೇಷ ಆ ಪಕ್ಕದಲ್ಲಿ ಎಷ್ಟನೇ ಮನೆ ಅನ್ನುತ್ತದೆ. ಶೇಷ ತಾನಾಗಿಯೇ ಆರ್‌ಎಂ ಅನ್ನೋ ಹೆಸರಿನಲ್ಲಿ ಸಿಗುತ್ತದೆ, ಅದಕ್ಕೆ ಬೇರೆ ಬೈಟ್ ಖರ್ಚಿಲ್ಲ. ಕಳೆದುಹೋದದ್ದು ಒಳಸುತ್ತಿನ ಎಂಟು ಮನೆಯ ಸಾಲು. ಅಲ್ಲಿ ಪಕ್ಕಕ್ಕೆ ಎರಡೇ ಮನೆ, ಜೊತೆಗೆ ನಡೆ ತಿರುಗುಮುರುಗು. ನಾನು ನಾಲ್ಕರ ಕಡೆ ಎರಡು ಹಾಕಿದೆ, ಕಾಯಿ ಮಣೆಯಾಚೆ ಹೋಯಿತು. ಅಂಕಲ್ ಫೋನಿನಲ್ಲೇ, “ಒಳಗೆ ಉಲ್ಟಾ ಸುತ್ತಬೇಕಲ್ಲಪ್ಪಾ, ಕೂಡಿಸೋ ಕಡೆ ಕಳೆ” ಅಂದರು. ಕಳೆದೆ. ಕಾಯಿ ಒಳಗೆ ಸುತ್ತಿ ನಡುಮನೆಗೆ ಬಂದು ಹಣ್ಣಾಯಿತು.

ಇದನ್ನೆಲ್ಲ ಅವರು 24 ಬಟನ್‌ನ ಕೀಪ್ಯಾಡ್‌ನಲ್ಲಿ ಬರೆದದ್ದು. ಒಂದೊಂದು ಅಕ್ಷರಕ್ಕೂ ಮೊದಲು ಹಸಿರು, ಕೆಂಪು ಅಥವಾ ನೀಲಿ ಬಟನ್, ಆಮೇಲೆ ಅಕ್ಷರದ ಬಟನ್. ನಿಜವಾದ ಕೀಬೋರ್ಡ್ ಸೇರಿಸುವ ಭಾಗ ಬರುತ್ತದೆ ಅಂತ ಕೊಂಡವರು ಕಾದರು, ಅದು ಮನೆಗಳಿಗೆ ಬರಲಿಲ್ಲ. ಕೊನೆಗೆ ಹೆಚ್ಚಿನ ರ್‍ಯಾಮ್ ಮಾಡಿಕೊಟ್ಟವರು ಈ ಬಳಗದ ಸುತ್ತ ಇದ್ದವರೇ. ಪರ್ಕಿನ್ಸ್ ಎಂಜಿನಿಯರಿಂಗ್‌ನ ಬ್ಲೂ ರ್‍ಯಾಮ್, ಆಲ್ಟರ್ನೇಟಿವ್ ಎಂಜಿನಿಯರಿಂಗ್‌ನ ವೈಪರ್ ಅಂಥವು. ಅಂಕಲ್ ಅವನ್ನು ಕೊಳ್ಳಲಿಲ್ಲ. ಆಗ ಅವರ ಮನೆಯಲ್ಲಿ ಮಗು ಹುಟ್ಟಿತ್ತು.

ಫೈಲಿನ ಕೊನೆಯಲ್ಲಿ ಒಂದು ಪತ್ರ ಇತ್ತು. ಆರ್ಕೇಡಿಯನ್‌ಗೆ ಬರೆದದ್ದು, ಇಂಗ್ಲಿಷಿನಲ್ಲಿ, ಎರಡು ಪುಟ. ಕವಡೆ ಅಂದರೆ ಏನು, ಬಾಯಿ ಮೇಲಾಗಿ ಬೀಳುವುದು ಅಂದರೆ ಏನು, ಮೈಸೂರಿನಲ್ಲಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮಣೆ ಬರೆಯುವುದು ಹೇಗೆ, ಎಲ್ಲ ವಿವರಿಸಿದ್ದಾರೆ. ಕವರ್‌ಗೆ ಅಂಚೆಚೀಟಿಯೂ ಅಂಟಿಸಿತ್ತು. ಯಾಕೆ ಕಳಿಸಲಿಲ್ಲ ಅಂತ ಕೇಳಿದೆ.

“ಒಂದು ನಿಯಮ ಬಾಕಿ ಇತ್ತು. ಅದನ್ನ ಸೇರಿಸಿ ಕಳಿಸೋಣ ಅಂತ.”

ಹೋದ ಭಾನುವಾರ

ಕನ್ಸೋಲ್ ತೆಗೆದುಕೊಂಡು ಅವರ ಹೊಸ ಮನೆಗೆ ಹೋದೆ. ಅಂಕಲ್, ಆಂಟಿ, ನಾನು, ನನ್ನ ಹೆಂಡತಿ. ನಾಲ್ಕು ಕಂಟ್ರೋಲರ್‌ಗೂ ಜನ ಆಯಿತು. ಆಂಟಿ ಮೂರನೇ ಸುತ್ತಿಗೇ ಬಾರ ಹಾಕಿದರು. ಎರಡು ನಿಮಿಷ ಬಿಟ್ಟು ನನ್ನ ಕಾಯಿ ಕಡಿದರು. ಮತ್ತೆ ಟ್ರಿಗರ್ ಎಳೆದರು. ಏನೂ ಆಗಲಿಲ್ಲ, ಸರದಿ ನನ್ನ ಹೆಂಡತಿಗೆ ಹೋಗಿತ್ತು.

“ಏನ್ರೀ ಇದು? ಕಾಯಿ ಕಡಿದರೆ ಇನ್ನೊಂದು ಸಲ ಕವಡೆ ಹಾಕಬೇಕಲ್ವಾ?”

“ಅದೇ ಕಣೇ ಬಾಕಿ ಇದ್ದದ್ದು. ಜಾಗ ಸಾಲಲಿಲ್ಲ.”

ಆಟ ನಿಲ್ಲಿಸಿದೆವು. ಉಳಿದ ಜಾಗ ಎಷ್ಟು ಅಂತ ಕೇಳಿದೆ, ಪರದೆ 14 ಅಂದಿತು. ಆರ್ಕೇಡಿಯನ್ ಫೈಲಿನಲ್ಲಿ ಬೈಟ್ ಉಳಿಸುವ ಸಲಹೆಗಳಿಗೆ ಅಂಕಲ್ ಅಂದೇ ಪೆನ್ಸಿಲ್ ಗುರುತು ಹಾಕಿದ್ದರು. ಎರಡು ಸಾಲನ್ನು ಸೆಮಿಕೋಲನ್ ಹಾಕಿ ಒಂದೇ ಸಾಲು ಮಾಡಿದರೆ ಎರಡು ಬೈಟ್ ಉಳಿಯುತ್ತದೆ. ಬೇಡದ ಕಡೆ ಖಾಲಿ ಜಾಗ ತೆಗೆದರೆ ಒಂದೊಂದು. ನಾನು ಪ್ರೋಗ್ರಾಂನ ಸಾಲುಗಳನ್ನು ಓದುತ್ತಾ ಹೋದೆ, ಅವರು ಎಲ್ಲೆಲ್ಲಿ ಸೇರಿಸಬಹುದು ಅಂತ ಬೆರಳಿಟ್ಟು ತೋರಿಸುತ್ತಾ ಹೋದರು. ಹನ್ನೊಂದು ಕಡೆ ಸಿಕ್ಕಿತು.

“ನಾನು ಒತ್ತಲಾ ಅಂಕಲ್?” ಅಂದೆ.

“ಬೇಡ, ಇಲ್ಲಿ ಕೊಡು” ಅಂತ ಕನ್ಸೋಲನ್ನು ಹತ್ತಿರಕ್ಕೆ ಎಳೆದುಕೊಂಡರು. ಅಕ್ಷರಗಳ ಹಾಳೆಯನ್ನು ಕೀಪ್ಯಾಡ್ ಮೇಲೆ ಕೂರಿಸಿ, ಕನ್ನಡಕ ಮೇಲಕ್ಕೆ ಸರಿಸಿ, ಹಸಿರು ಬಟನ್ ಒತ್ತಿದರು.